ಸುಣ್ಣದ ಶೆಡ್ಡಿಗೆ ಬಂದ ಧೂಳಿನ ಡಾಕ್ಟರ್

ಯಾವ ಕೋಣೆಗೆ ಕಾಲಿಟ್ಟರೂ ಅವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ತೋರುಬೆರಳನ್ನು ಕಿಟಕಿಯ ದಂಡೆ, ಕುರ್ಚಿಯ ಕೈ, ಗೋಡೆಯ ಕ್ಯಾಲೆಂಡರ್ ಎಲ್ಲದರ ಮೇಲೂ ಎಳೆದು, ಕಣ್ಣಿನ ಹತ್ತಿರ ತಂದು ನೋಡಿ, ಜೇಬಿನ ಕರ್ಚೀಫಿಗೆ ಒರೆಸುವುದು. ಆ ಕರ್ಚೀಫು ಕಪ್ಪು. ಬಿಳಿಯದರ ಮೇಲೆ ಸುಣ್ಣ ಕಾಣುವುದಿಲ್ಲವಲ್ಲ. ಮೊದಲ ದಿನ ಆ ಬೆರಳನ್ನು ನನ್ನ ಟೈಪ್‌ರೈಟರಿನ ಮೇಲೂ ಎಳೆದರು. ಬೆಳಿಗ್ಗೆಯಷ್ಟೇ ಒರೆಸಿಟ್ಟಿದ್ದೆ. ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು, “ದಿಸ್ ಈಸ್ ಇನ್‌ಸೈಡ್ ಯೂ ಆಲ್ಸೊ, ಮಿಸ್” ಎಂದರು. ಒಂದು ಗುಡ್ ಮಾರ್ನಿಂಗ್ ಇಲ್ಲ, ಎಂತ ಇಲ್ಲ. ಆ ಗಳಿಗೆಯಿಂದಲೇ ನನಗೆ ಅವರನ್ನು ಕಂಡರೆ ಆಗಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹೊನ್ನಾವರದ ಹತ್ತಿರ, ಶರಾವತಿಯ ದಂಡೆಯಲ್ಲಿ ಒಂದು ಸುಣ್ಣದ ಕಾರ್ಖಾನೆ. ದೋಣಿಯಲ್ಲಿ ಬಂದ ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಚಿಮುಕಿಸಿ, ಅದು ಅರಳಿ ಪುಡಿಯಾದ ಮೇಲೆ ಜರಡಿ ಹಿಡಿದು ಚೀಲ ತುಂಬುತ್ತಿದ್ದರು. ಜರಡಿ ಶೆಡ್ಡಿನಲ್ಲಿದ್ದವರೆಲ್ಲ ಹೆಂಗಸರು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನ ದೆಸೆಯಿಂದ ನಾನು ಅಲ್ಲಿ ಟೈಪಿಸ್ಟ್. ಶೆಡ್ಡಿನ ಒಬ್ಬಾಕೆ ಕೆಮ್ಮಿ ಕೆಮ್ಮಿ ಕುಮಟೆಯ ಆಸ್ಪತ್ರೆ ಸೇರಿದ ಮೇಲೆ ಯಾರೋ ಮೇಲಿನವರಿಗೆ ಬರೆದಿದ್ದರು. ವಿಚಾರಣೆಗೆಂದು ಬಂದವರು ಈ ಡಾಕ್ಟರು. ಮದ್ರಾಸಿನ ಕಡೆಯವರು. ಕನ್ನಡ ಒಂದಕ್ಷರ ಬಾರದು. ಕುಮಟೆಯ ಲಾಡ್ಜಿನಿಂದ ದಿನಾ ಬಸ್ಸಿನಲ್ಲಿ ಬರುವರು. ಮಾಲೀಕರಾದ ಸಾವ್ಕಾರರು ನನ್ನನ್ನು ಕರೆದು, “ನೀನೇ ಇಂಟರ್‌ಪ್ರಿಟರ್. ಬಾಯಿ ಸ್ವಲ್ಪ ಹಿಡಿತದಲ್ಲಿ ಇರಲಿ ತಂಗಿ” ಎಂದರು.

ಡಾಕ್ಟರು ಮೊದಲ ದಿನವೇ ನನಗೆ ಒಂದು ಮಾತು ಹೇಳಿದ್ದರು. “ಆ ಹೆಂಗಸರು ಹೇಳಿದ್ದನ್ನೆಲ್ಲ ಹೇಳಿ, ಬೈದರೆ ಬೈಗುಳವನ್ನೂ. ನನಗಾಗಿ ಏನನ್ನೂ ಸೋಸಬೇಡಿ, ಮಿಸ್. ಸೋಸುವವರು ಶೆಡ್ಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ.”

ಎಂಥ ಒರಟು ಮನುಷ್ಯ ಎಂದುಕೊಂಡೆ. ಚಹಾ ಕೊಟ್ಟರೆ ಲೋಟದೊಳಗೆ ಇಣುಕುವರು. ಥ್ಯಾಂಕ್ಸ್ ಅನ್ನುವುದನ್ನು ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ. ಕೈಯಿಂದ ತಿರುಗಿಸುವ ಪುಟ್ಟ ಪಂಪು, ಅದರ ಕೊಳವೆಗೆ ಸಿಕ್ಕಿಸಿದ ಗಾಜಿನ ಬಾಟಲಿ, ಇವನ್ನು ಹಿಡಿದು ಶೆಡ್ಡಿನ ನಡುವೆ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂರುವರು. ರೆಪ್ಪೆ, ಮೀಸೆ, ಕಿವಿಯ ಕೂದಲು ಎಲ್ಲ ಬಿಳಿ.

ಹೆಂಗಸರಿಗಂತೂ ಅವರು ವೈರಿಯೇ. ಇವನ ಕಾಲ್ಗುಣಕ್ಕೆ ಕಾರ್ಖಾನೆ ಮುಚ್ಚುತ್ತದೆ ಎಂದು ಮೇಸ್ತ್ರಿ ಅವರ ಕಿವಿಯಲ್ಲಿ ಊದಿದ್ದ.

“ಗಾಳಿ ಹಿಡಿದು ಬಾಟಲಿಗೆ ತುಂಬ್ತಾ ಅಲ್ಲ, ಇವನ ಊರಲ್ಲಿ ಗಾಳಿ ಇಲ್ವೇನೇ?” ಎಂದು ಒಬ್ಬಳು.

“ಹೆಂಡ್ತಿಗೆ ಉಡುಗೊರೆ ಇರೂಕು” ಎಂದು ಇನ್ನೊಬ್ಬಳು.

ಇಷ್ಟನ್ನು ನಾನು ಅನುವಾದಿಸುತ್ತಿದ್ದೆ. ಅವರು ನಗದೆ, “ಐ ಆಮ್ ನಾಟ್ ಮ್ಯಾರಿಡ್. ಟೆಲ್ ದೆಮ್” ಎನ್ನುವರು.

ಮೂರನೆಯ ದಿನ ಅವರು ಜರಡಿಯವರ ಮೂಗು, ಗಂಟಲು ನೋಡಿದರು. ಆ ಹೆಂಗಸರದ್ದೇ ಒಂದು ಪದ್ಧತಿ ಇತ್ತು: ಮುಖಕ್ಕೆ ದಪ್ಪಗೆ ತೆಂಗಿನೆಣ್ಣೆ ಬಳಿದು, ಮೂಗಿನ ಮೇಲೆ ಒಣ ಬಟ್ಟೆ ಕಟ್ಟಿಕೊಳ್ಳುವುದು. ಒಣ ಬಟ್ಟೆಯಲ್ಲಿ ಧೂಳು ನಿಲ್ಲುವುದಿಲ್ಲ ಎಂದು ಡಾಕ್ಟರರ ವಾದ. ಕಲ್ಲು ಪುಡಿ ಮಾಡುವ ಕಾರ್ಖಾನೆಗಳಲ್ಲಿ ಒದ್ದೆ ಬಟ್ಟೆ ಕಟ್ಟಿಸಿದ್ದರಂತೆ, ಕೆಮ್ಮು ಕಡಿಮೆಯಾಗಿತ್ತಂತೆ. ಆದರೂ ಕೇಳಿದರು: ಈ ಸುಣ್ಣ ಪೂರ್ತಿ ಅರಳಿದೆಯೇ?

“ಫುಲ್ ಆಗಿದೆ ಸಾರ್” ಎಂದ ಮೇಸ್ತ್ರಿ.

ಡಾಕ್ಟರು ಶೆಡ್ಡಿನ ಹಿರಿಯಳಾದ ಮಾದೇವಿಯಕ್ಕನ ಕಡೆ ತಿರುಗಿ, “ಆಸ್ಕ್ ಹರ್” ಎಂದರು. ಕೇಳಿದೆ.

ಮಾದೇವಿಯಕ್ಕ ಜರಡಿ ಕೆಳಗಿಟ್ಟಳು. “ಆತಂತೆ, ಇವನ ತಲೆ! ಅರಳೂಕೆ ಮೂರು ದಿನ ಬೇಕು, ಸಾವ್ಕಾರ ಒಂದೇ ದಿನಕ್ಕೆ ಜರಡಿಗೆ ಹಾಕಿಸ್ತ. ಇದರೊಳಗೆ ಇನ್ನೂ ಜೀವದ ಸುಣ್ಣ ಉಂಟು. ನೀರು ಸೋಕಿದ್ರೆ ಮೋರೆ ಬೇಯ್ತದೆ. ಆ ಒದ್ದೆ ಬಟ್ಟೆ ಮೊದಲು ಅವನ ಕುಂಡೆಗೆ ಕಟ್ಕಳ್ಲಿ ಅಂತ ಹೇಳು!”

ಶೆಡ್ಡೆಲ್ಲ ನಕ್ಕಿತು. ಡಾಕ್ಟರು ನನ್ನ ಮುಖ ನೋಡುತ್ತ ನಿಂತರು. ಕಾನ್ವೆಂಟಿನಲ್ಲಿ ನಮಗೆ ಇಂಥ ಮಾತಿಗೆ ಇಂಗ್ಲಿಷ್ ಕಲಿಸಿರಲಿಲ್ಲ. ನಾಚಿಕೆಯಿಂದ ನಾಲಗೆ ಹೊರಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಅಷ್ಟೇ ಅಲ್ಲ. ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದ, ನನಗೆ ಹೆದರಿಕೆ.

“ಶೀ ಸೇಸ್ ಇಟ್ ಈಸ್ ಆಲ್ ರೈಟ್, ಸರ್” ಎಂದೆ. ಹಾಗಾದರೆ ನಾಳೆಯಿಂದ ಎಲ್ಲರಿಗೂ ಒದ್ದೆ ಬಟ್ಟೆ ಎಂದು ಅವರು ಮೇಸ್ತ್ರಿಗೆ ಹೇಳಿ ಹೋದರು.

ಮರುದಿನ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ನೀರಿನ ಬಾಲ್ದಿ ಇಟ್ಟುಕೊಂಡು ನಿಂತ. “ಡಾಕ್ಟರ ಆರ್ಡರು!” ಎಂದು ಎಣ್ಣೆ ಒರೆಸಿಸಿ, ಒಬ್ಬೊಬ್ಬರ ಬಟ್ಟೆಯನ್ನೂ ಅದ್ದಿ ಕಟ್ಟಿಸಿದ. ಒಲ್ಲೆ ಎಂದ ಮಾದೇವಿಯಕ್ಕನನ್ನು ಗೂಡಿನ ಕಡೆ ಅಟ್ಟಿದ. ಹತ್ತು ಗಂಟೆಗೆ ಕೂಗು ಕೇಳಿ ಓಡಿದೆ. ನಾಲ್ಕು ಜನರ ತುಟಿ, ಕೆನ್ನೆ ಬೆಂದು ಬೊಬ್ಬೆ ಎದ್ದಿತ್ತು. ಎಲ್ಲರಿಗಿಂತ ಹೆಚ್ಚು ಬೆಂದವಳು ತುಳಸಿ. ಆಗಷ್ಟೇ ಮದುವೆ ಗೊತ್ತಾಗಿದ್ದ ಹುಡುಗಿ.

ಬಸ್ಸಿಳಿದು ಬಂದ ಡಾಕ್ಟರರನ್ನು ಹೆಂಗಸರು ಗೇಟಿನಲ್ಲೇ ಮುತ್ತಿದರು. ಒಬ್ಬಳು ಉಗಿದಳು. ಯಾರೋ ಪಂಪು ಕಸಿದು ಹೊಳೆಗೆ ಎಸೆದರು. ಅವರು ಎಲ್ಲರನ್ನೂ ದೂಡಿಕೊಂಡು ಹೋಗಿ, ಬೆಂದವರ ಮುಖಕ್ಕೆ ನೀರು ಸುರಿದು ಸುರಿದು ತೊಳೆದು, ಕುಮಟೆಗೆ ಕಳಿಸಿದರು.

ಸಾವ್ಕಾರರಿಗೆ ಹಬ್ಬ. ಈ ಡಾಕ್ಟರು ಕೂಲಿಯವರಿಗೆ ಅಪಾಯ ಮಾಡಿದ್ದಾರೆ, ವಿಚಾರಣೆ ರದ್ದು ಮಾಡಬೇಕು ಎಂದು ಅರ್ಜಿ ಬರೆಸಿದರು. ಟೈಪ್ ಮಾಡಿದವಳು ನಾನೇ. ಒಂದು ಸ್ಪೆಲಿಂಗ್ ಮಿಸ್ಟೇಕ್ ಇಲ್ಲ. ಹೆಂಗಸರೆಲ್ಲ ಸಾಲಾಗಿ ಹೆಬ್ಬೆಟ್ಟು ಒತ್ತಿದರು. ಅದು ಮೇಲೆ ಹೋದರೆ ಶೆಡ್ಡಿನ ಕೆಮ್ಮು ಯಾವ ಕಾಗದಕ್ಕೂ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಡಾಕ್ಟರು ನನ್ನ ಮೇಜಿನ ಮೇಲಿದ್ದ ಅರ್ಜಿ ಓದಿದರು. ಕೋಣೆಯಲ್ಲಿ ನಾವಿಬ್ಬರೇ.

“ಆ ಮುದುಕಿ ಅವತ್ತು ಅಷ್ಟುದ್ದ ಮಾತಾಡಿದಳು. ನೀವು ಒಂದೇ ವಾಕ್ಯ ಹೇಳಿದಿರಿ. ನಾನು ಆಗಲೇ ಕೇಳಬೇಕಿತ್ತು. ಈಗ ಪೂರ್ತಿ ಹೇಳಿ.”

ಹೇಳಿದೆ. ಕುಂಡೆಯವರೆಗೂ ಹೇಳಿದೆ. ಅವರು ಒಂದೊಂದು ಮಾತನ್ನೂ ಬರೆದುಕೊಂಡರು. ಬೈಯುತ್ತಾರೆಂದು ಕಾದೆ. ಎದ್ದು ಸೀದಾ ಶೆಡ್ಡಿಗೆ ನಡೆದರು, ನಾನು ಹಿಂದೆ.

“ತಪ್ಪು ನನ್ನದು. ಆ ಸುಣ್ಣ ನಾನೇ ಪರೀಕ್ಷೆ ಮಾಡಬೇಕಿತ್ತು, ಮಾಡಲಿಲ್ಲ. ಟೆಲ್ ದೆಮ್” ಎಂದರು.

“ಸರ್, ತಪ್ಪು ನನ್ನ—”

“ನಾನು ಹೇಳಿದ್ದನ್ನಷ್ಟೇ ಹೇಳಿ. ಶನಿವಾರ ನಾನು ಬಸ್ಸು ಹತ್ತುತ್ತೇನೆ. ನೀವು ಇವರ ನಡುವೆ ಇರಬೇಕಾದವರು.” ಮೋರೆಯಲ್ಲಿ ಕರುಣೆಗಿರುಣೆ ಏನೂ ಇರಲಿಲ್ಲ. ನನ್ನ ಮೇಲೆ ಅಸಹ್ಯವೇ ಇತ್ತು.

ಹೇಳಿದೆ, ಅವರು ಹೇಳಿದ್ದನ್ನಷ್ಟೇ. ಮಾದೇವಿಯಕ್ಕ ಅವರನ್ನೂ ನನ್ನನ್ನೂ ನೋಡಿದಳು. ಆಮೇಲೆ ಜರಡಿಗೆ ಹಾಕಬೇಕಿದ್ದ ರಾಶಿಯಿಂದ ಒಂದು ಬೊಗಸೆ ತೆಗೆದು ಕಲ್ಲಿನ ಮೇಲೆ ಸುರಿದು, ಚೊಂಬಿನ ನೀರು ಹೊಯ್ದಳು. ಸುಣ್ಣ ಚೊಯ್ ಎಂದು ಕುದಿಯಿತು. “ಕಂಡ್ಯಾ? ಬರಕೋ” ಎಂದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ವರದಿಯ ಒಂದು ಪ್ರತಿ ನನಗೂ ಅಂಚೆಯಲ್ಲಿ ಬಂತು, ಜೊತೆಗೆ ಒಂದು ಸಾಲಿನ ಕಾಗದವೂ ಇಲ್ಲದೆ. ಹೆಂಗಸರ ಅರ್ಜಿಯನ್ನು ಅವರೇ ಅದಕ್ಕೆ ಲಗತ್ತಿಸಿದ್ದರು. ಮಾದೇವಿಯಕ್ಕನ ಮಾತು ಬೈಗುಳ ಸಮೇತ ಇತ್ತು. ಕೆಳಗೆ: ಸುಟ್ಟ ಗಾಯಗಳಿಗೆ ತನಿಖೆಗೆ ಬಂದ ಅಧಿಕಾರಿಯೇ ಹೊಣೆ. ಮೂರು ದಿನ ಅರಳಿಸದೆ ಜರಡಿ ಹಿಡಿಸಬಾರದು, ಜರಡಿ ಬಯಲಿನಲ್ಲಿ ನಡೆಯಬೇಕು ಎಂದು ಆರ್ಡರಾಯಿತು. ಸಾವ್ಕಾರರು ಗೊಣಗುತ್ತಲೇ ಪಾಲಿಸಿದರು. ಡಾಕ್ಟರರನ್ನು ತನಿಖೆಯ ಕೆಲಸದಿಂದ ತೆಗೆದು ಯಾವುದೋ ಲೈಬ್ರರಿಗೆ ಹಾಕಿದರು ಎಂದು ಆಮೇಲೆ ತಿಳಿಯಿತು.

ಎಂಟು ವರ್ಷದ ಮೇಲೆ ಇಂಗ್ಲಿಷ್ ಪೇಪರಿನ ಮರಣ ವಾರ್ತೆಯಲ್ಲಿ ಅವರ ಫೋಟೊ ಕಂಡೆ. ಅಗಲ ಮೂಗು, ಅದೇ ಸಿಡುಕು. ಮೂರನೆಯ ದಿನ ಹೊಳೆಯಾಚೆ ಕಾಸರಕೋಡಿಗೆ ಹೋದೆ. ಗೊತ್ತಾಗಿದ್ದ ಮದುವೆ ತಪ್ಪಿ, ಆಮೇಲೆ ಬೇರೆ ಕಡೆ ಮದುವೆಯಾಗಿ ತುಳಸಿ ಅಲ್ಲಿದ್ದಳು. ಮೀನು ಒಣಗಿಸುತ್ತಿದ್ದಳು. ಮೇಲ್ತುಟಿ ಒಂದು ಕಡೆ ಎಳೆದುಕೊಂಡೇ ಇತ್ತು. ನಿಂತೇ ಎಲ್ಲವನ್ನೂ ಹೇಳಿದೆ.

ಅವಳು ಮೀನು ತಿರುವಿ ಹಾಕುತ್ತಲೇ ಇದ್ದಳು.

“ಈಗ ಎಂತಕ್ಕೆ ಹೇಳ್ತೆ?” ಎಂದಳು ಕೊನೆಗೆ. “ಅವನಿಗೆ ಎಂಟು ವರ್ಷ ದಿನಾ ಶಾಪ ಹಾಕಿದೆ, ಹಲ್ಲು ತಿಕ್ಕುವಾಗ ಒಂದು, ಕನ್ನಡಿ ನೋಡುವಾಗ ಒಂದು. ಸತ್ತವನಿಂದ ಅದನ್ನ ಹ್ಯಾಂಗೆ ವಾಪಸ್ ತಕಳ್ಲಿ? ಆ ಶಾಪ ನೀ ಇಸ್ಕಂತ್ಯಾ?”

ಹೂಂ ಎಂದೆ. ಅವಳು ತಿರುಗಿಯೂ ನೋಡದೆ ಒಳಗೆ ಹೋದಳು.