ಸಂಕ್ರಾಂತಿಗೆ ಮುಂಚೆ ಹೂಬಿಟ್ಟ ಬ್ರೊಕೋಲಿ

ಈ ಬರಹದ ಮೂಲಕ ತಿಳಿಯಪಡಿಸಬೇಕೆಂದಿರುವ ಸಂಗತಿಯು ನಮ್ಮ ಮನೆಯ ಬದಿಯಲ್ಲಿದ್ದ ಒಂದು ತರಕಾರಿ ಮಡಿಗೆ ಸಂಬಂಧಿಸಿದ್ದು. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ಆದ್ದರಿಂದ ಲೋಪದೋಷಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಜಯಲಕ್ಷ್ಮಿಪುರಂನ ಮನೆಯಲ್ಲಿ ಅತ್ತೆಯವರು, ಭಾವನವರ ಸಂಸಾರ ಮತ್ತು ನಾವು ಒಟ್ಟಿಗೆ ವಾಸವಾಗಿದ್ದೆವು. ಭಾವನವರು ಕಾರು ಕೊಳ್ಳುವವರಿದ್ದರು. ಅದನ್ನು ನಿಲ್ಲಿಸಲು, ನಾನು ಸೊಪ್ಪು ಬೆಳೆಯುತ್ತಿದ್ದ ಜಾಗಕ್ಕೆ ಸಿಮೆಂಟು ಹಾಕಿಸುವುದೆಂದು ತೀರ್ಮಾನಿಸಿದ್ದರು. ನಾನು ಬೇಡಿಕೊಂಡಾಗ ಅವರು ನಗುತ್ತಲೇ ಒಂದು ಷರತ್ತು ಹಾಕಿದರು.

“ಸಂಕ್ರಾಂತಿ ಊಟಕ್ಕೆ ಎಲ್ಲರ ಎಲೆಗೂ ಬೀಳೋ ಅಷ್ಟು ಬೆಳೆದು ತೋರ್ಸಮ್ಮ. ಕಾರು ಬೀದೀಲೇ ನಿಲ್ಲುಸ್ತೀನಿ.”

ಆಗ ನನ್ನ ಪರವಾಗಿ ಮಾತನಾಡಿದವರು ಅತ್ತೆಯವರೊಬ್ಬರೇ. “ನಾನಿದ್ದೀನಿ ಬುಡು ಕಣಮ್ಮ. ಸಿಮೆಂಟ್ ಮೇಲೆ ಏನ್ ಬೆಳೀತದೆ? ಇವನ ಕಾರು ಮರಿ ಹಾಕ್ತದಾ?” ಎಂದರು. ಆ ಮಾತಿನ ಬಲದ ಮೇಲೆಯೇ ಮುಂದಿನದೆಲ್ಲ ನಡೆಯಿತೆಂದು ಹೇಳಬಹುದು.

ಕಚೇರಿಯ ಸಹೋದ್ಯೋಗಿಯೊಬ್ಬರು ಊಟಿಯಿಂದ ಎಳೆದಂಟಿನ ಬ್ರೊಕೋಲಿ ಬೀಜ ತಂದುಕೊಟ್ಟಿದ್ದರು. ನವರಾತ್ರಿಯ ಹೊತ್ತಿಗೆ ಬಿತ್ತಿ, ಸಸಿಗಳು ಚೇತರಿಸಿಕೊಂಡ ಮೇಲೆ ಮಡಿಗೆ ನಾಟಿ ಮಾಡಿದೆನು. ಎಲೆಯ ಅಡಿಯಲ್ಲಿ ಬೂದುಬಣ್ಣದ ಹೇನು ಕಂಡಾಗ ಅತ್ತೆಯವರೇ ಸೀಗೆಕಾಯಿ ನೀರು ಚಿಮುಕಿಸಿದರು. ಈ ಜಾತಿಯಲ್ಲಿ ನಡುವಿನ ಮೊಗ್ಗಿನ ಗೊಂಚಲನ್ನು ನಿಂಬೆಗಾತ್ರದಲ್ಲಿರುವಾಗಲೇ ಕತ್ತರಿಸಿದರೆ, ಎಲೆಗಳ ಬುಡದ ಕಂಕುಳುಗಳಿಂದ ಎಳೆಯ ದಂಟುಗಳು ಒಂದೊಂದಾಗಿ ಬರತೊಡಗುತ್ತವೆ. ನಾನು ಕತ್ತರಿಸಿದಾಗ ಅತ್ತೆಯವರು, “ಅಯ್ಯೋ, ತಲೇನೇ ತೆಗೆದ್ಬುಟ್ಯಲ್ಲೇ! ಇನ್ನೇನು ಮುಂಡಕ್ಕೆ ಪೂಜೆ ಮಾಡ್ತೀಯಾ?” ಎಂದು ಎದೆ ಮೇಲೆ ಕೈಯಿಟ್ಟುಕೊಂಡರು. ದಂಟುಗಳು ಬಂದಾಗ ನನಗಿಂತ ಹೆಚ್ಚು ಹಿಗ್ಗಿದವರೂ ಅವರೇ.

ಹೀಗಿರುವಾಗ ಬನ್ನಿಮಂಟಪದ ತವರುಮನೆಯಲ್ಲಿ ತಾಯಿಗೆ ಜ್ವರ ಬಂದು, ಹಬ್ಬದ ಹಿಂದಿನ ವಾರ ನಾನು ಅಲ್ಲಿಗೆ ಹೋಗಬೇಕಾಯಿತು. ಹೊರಡುವ ಮೊದಲು ಅತ್ತೆಯವರನ್ನು ಮಡಿಯ ಬಳಿ ಕರೆದೊಯ್ದು, ಮೊಗ್ಗು ಬಿಗಿಯಾಗಿರುವಾಗಲೇ ದಂಟನ್ನು ಓರೆಯಾಗಿ ಕೊಯ್ಯಬೇಕೆಂದೂ, ಹಳದಿ ಹೂವು ಅರಳಲು ಬಿಟ್ಟರೆ ದಂಟು ನಾರಾಗಿ ಗಿಡ ಚಿಗುರುವುದನ್ನೇ ನಿಲ್ಲಿಸುವುದೆಂದೂ ತೋರಿಸಿಕೊಟ್ಟೆನು. ಅವರು ನನ್ನೆದುರಿಗೇ ಒಂದನ್ನು ಸರಿಯಾಗಿ ಕೊಯ್ದರು.

ಹಬ್ಬದ ಹಿಂದಿನ ಸಂಜೆ ಹಿಂದಿರುಗಿದಾಗ ಮಡಿಯೆಲ್ಲ ಹಳದಿಯಾಗಿತ್ತು. ದೇವರ ಪಟಕ್ಕೂ ಅದೇ ಹೂವು ಏರಿತ್ತು.

“ಕಣ್ಣು ಮಂಜು ಕಣಮ್ಮ. ಯಾವ್ದು ಮೊಗ್ಗು, ಯಾವ್ದು ಹೂವು ಗೊತ್ತಾಗ್ಲಿಲ್ಲ” ಎಂದರು ಅತ್ತೆಯವರು. ನಾನು ನಂಬಿದೆನು. ನಂಬಿದ್ದಷ್ಟೇ ಅಲ್ಲ, ಅವರನ್ನೇ ಸಮಾಧಾನಪಡಿಸಿದೆನು.

ಮರುದಿನ ಬೆಳಿಗ್ಗೆ ಉಳಿದ ದಂಟುಗಳನ್ನು ಆರಿಸುತ್ತಿದ್ದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಮಾತನಾಡಿಸಿದರು.

“ನಾನೂ ಹೇಳ್ದೆ ಕಣ್ರೀ, ಹೂವಾಗ್ತಾ ಇದೆ, ನಾನೇ ಕುಯ್ದು ಕೊಡ್ಲಾ ಅಂತ. ‘ಬೇಡ ಬುಡಮ್ಮ, ಹೂವಾಗ್ಲಿ, ಮಗ ಆಗ್ಲೇ ಮೇಸ್ತ್ರಿಗೆ ಹೇಳ್ಬುಟ್ಟವ್ನೆ’ ಅಂದ್ರು ನಿಮ್ಮತ್ತೆ. ನಿಮಗೂ ಗೊತ್ತಿರುತ್ತೆ ಅಂದ್ಕೊಂಡೆ.”

ನನಗೆ ಗೊತ್ತಿರಲಿಲ್ಲ. ಕೇಳಿಯೇ ತೀರುವೆನೆಂದು ಒಳಗೆ ಹೋದೆನು. ಅಡುಗೆಮನೆಯ ಕಿಟಕಿ ಆ ಕಾಂಪೌಂಡಿನ ಕಡೆಗೇ ತೆರೆದಿತ್ತು. ಅತ್ತೆಯವರು ಎಳ್ಳುಬೆಲ್ಲದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹಬ್ಬದ ದಿನ ಅವರ ಕೈಯಿಂದ ಎಳ್ಳು ತಿಂದವರು ಸಂಜೆಯವರೆಗೆ ಕಹಿ ಮಾತನಾಡಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟಿನ ಪದ್ಧತಿ. ಪ್ರತಿ ವರ್ಷ ಪೂಜೆಯ ನಂತರ ಕೊಡುತ್ತಿದ್ದವರು, ಅಂದು ಪೂಜೆಗೆ ಮುಂಚೆಯೇ ನನ್ನ ಅಂಗೈಗೆ ಸುರಿದು, “ತಿನ್ನು ಕಣಮ್ಮ” ಎಂದರು. ನಾನು ತಿಂದೆನು.

ನಾರು ಸುಲಿದ ದಂಟುಗಳನ್ನು ಅವರೆಕಾಳಿನೊಂದಿಗೆ ಬೇಯಿಸಿ, ಕಾಯಿತುರಿ ಹಾಕಿ ಪಲ್ಯ ಮಾಡಿದೆನು. ಬಡಿಸುವಾಗ ಭಾವನವರು ಎಲೆಯಲ್ಲಿ ಬೆರಳಾಡಿಸಿ, “ಇದ್ರಲ್ಲಿ ಅವರೆಕಾಳೇ ಕಾಣ್ತದಲ್ಲಮ್ಮ, ನಿನ್ನ ಬೆಳೆ ಎಲ್ಲಿ?” ಎಂದು ನಕ್ಕರು. ನಾನು ಅತ್ತೆಯವರ ಕಡೆ ನೋಡಿದೆನು. ಅವರ ಒಂದು ಮಾತು ಸಾಕಾಗಿತ್ತು. ಅವರು ಎಲೆಯಿಂದ ಕಣ್ಣೆತ್ತಲಿಲ್ಲ. “ಚೆನ್ನಾಗದೆ ಕಣಮ್ಮ, ಇನ್ನೊಂಚೂರು ಹಾಕು” ಎಂದರು. ಹಾಕಿದೆನು.

ಹಬ್ಬ ಕಳೆದ ಮೇಲೆ ಮೇಸ್ತ್ರಿ ಬಂದನು. ಕಾರೂ ಬಂದಿತು. ಜಾಗ ಹೋದದ್ದರ ಬಗ್ಗೆ ನನ್ನ ಆಕ್ಷೇಪಣೆ ಇಂದು ಅಷ್ಟಾಗಿ ಉಳಿದಿಲ್ಲ. ಮಗನ ಮಾತು ಮೀರಲಾರೆನೆಂದು ಅತ್ತೆಯವರು ನನಗೆ ನೇರವಾಗಿ ಹೇಳಿದ್ದರೆ, ಗಿಡಗಳನ್ನು ನಾನೇ ಕಿತ್ತುಕೊಡುತ್ತಿದ್ದೆನು. ಅದನ್ನು ಅವರು ಪಕ್ಕದ ಮನೆಯಾಕೆಗೆ ಹೇಳಿದರು, ನನಗೆ ಹೇಳಲಿಲ್ಲ.

ಅತ್ತೆಯವರು ಇರುವಷ್ಟು ಕಾಲವೂ ಸದರಿ ವಿಷಯವನ್ನು ಇಬ್ಬರೂ ಪ್ರಸ್ತಾಪಿಸಲಿಲ್ಲ. ಆದರೆ ಮುಂದಿನ ಸಂಕ್ರಾಂತಿಗಳಲ್ಲಿ ಅವರು ಬಟ್ಟಲು ಹಿಡಿದು ಬಂದಾಗ ನಾನು ಕೈ ಚಾಚಿ ಎಳ್ಳನ್ನು ತೆಗೆದುಕೊಳ್ಳುತ್ತಿದ್ದೆನು. ಬಾಯಿಗೆ ಹಾಕಿಕೊಳ್ಳದೆ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದೆನು. ಅವರು ಗಂಟನ್ನು ನೋಡಿ ಮುಂದಕ್ಕೆ ಹೋಗುತ್ತಿದ್ದರು.