ತಳ ಕಾಣಿಸಿದ ಪಾತ್ರೆ

ಮದೀನಾದ ನಮ್ಮ ಹೋಟೆಲಿಗೆ ಉಳಿದ ಊಟವನ್ನು ಗೊಬ್ಬರ ಮಾಡುವ ಯಂತ್ರ ಬಂದಾಗ ಅದರ ಸಕಲ ಅಧಿಕಾರವನ್ನೂ ನನಗೆ ವಹಿಸಲಾಯಿತು. ಅಧಿಕಾರವೆಂದರೆ ಮುಚ್ಚಳ ತೆಗೆಯುವುದು, ತುಂಬುವುದು, ಮುಚ್ಚುವುದು. ಯಂತ್ರ ಅನ್ನ, ರೊಟ್ಟಿ, ಹಣ್ಣಿನ ಸಿಪ್ಪೆ ಎಂದು ಭೇದವೆಣಿಸದೆ ನುಂಗಿ, ಮರುದಿನ ಕಂದು ಪುಡಿ ಕೊಡುತ್ತಿತ್ತು.

ಅದನ್ನು ಕಣ್ಣೆತ್ತಿಯೂ ನೋಡದಿದ್ದವರು ಒಬ್ಬರೇ, ಭಟ್ಕಳದ ಹಿರಿಯ ಅಡುಗೆಯವರು. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ. ಆದ್ದರಿಂದ ನಮ್ಮ ಜಗಳಗಳೆಲ್ಲ ಕನ್ನಡದಲ್ಲಿ ನಡೆಯುತ್ತಿದ್ದವು. ಬಡಿಸುವ ಪಾತ್ರೆಯ ತಳ ಅತಿಥಿಗೆ ಕಾಣಬಾರದೆಂಬುದು ಅವರ ಕಟ್ಟಳೆ. ಊರಿನ ಮದುವೆಗಳಲ್ಲಿ ಕೊನೆಯವನು ಎದ್ದ ಮೇಲೂ ಪಾತ್ರೆಯಲ್ಲಿ ಅನ್ನ ಇರಬೇಕಂತೆ. ಅಲ್ಲಿ ಉಳಿದದ್ದು ನೆರೆಮನೆಗಳಿಗೆ ಹೋಗುತ್ತಿತ್ತು. ಇಲ್ಲಿ ನನ್ನ ಯಂತ್ರಕ್ಕೆ ಬರುತ್ತಿತ್ತು.

ಒಂದು ದಿನ ಮೇಲಿನಿಂದ ಅಪ್ಪಣೆಯಾಯಿತು: ಗೊಬ್ಬರ ಆಮೇಲಿನ ಮಾತು, ಮೊದಲು ಉಳಿಯದಂತೆ ಬೇಯಿಸಿ. ನ್ಯಾಯವಾದ ಮಾತೇ. ಅದನ್ನು ಅವರಿಗೆ ತಿಳಿಸುವ ಗೌರವವೂ ನನ್ನ ಪಾಲಿಗೇ ಬಂತು. ಅವರು ಅಕ್ಕಿ ಕಡಿಮೆ ಹಾಕಲು ಒಪ್ಪಿದರು. ಪ್ರವಾದಿಯವರ ಊರಾದ ಮದೀನಾದಲ್ಲೇ ಕಣ್ಣು ಮುಚ್ಚಬೇಕು, ಇಲ್ಲಿಯ ಮಣ್ಣಿಗೇ ಸೇರಬೇಕು ಎಂಬುದೊಂದೇ ಅವರ ಆಸೆ. ಕೆಲಸವಿದ್ದರೆ ಇಕಾಮಾ ಎಂಬ ವಾಸದ ಪರವಾನಗಿ, ಇಕಾಮಾ ಇದ್ದರೆ ಮದೀನಾ.

ಯಂತ್ರ ಉಪವಾಸ ಬಿತ್ತು. ಮೇಲಿನವರು ಸಂತೋಷಪಟ್ಟರು.

ಆಮೇಲೊಂದು ಮಧ್ಯಾಹ್ನ, ಬಸ್ಸು ಕೆಟ್ಟು ತಡವಾದ ಯಾತ್ರಿಕರ ತಂಡವೊಂದು ಊಟಕ್ಕೆ ಬಂತು. ಮುದುಕಿಯೊಬ್ಬರು ತಟ್ಟೆ ಹಿಡಿದು ಪಾತ್ರೆಯೊಳಗೆ ಬಗ್ಗಿ ನೋಡಿದರು. ಹೊಳೆಯುವ ಉಕ್ಕು ಬಿಟ್ಟರೆ ಏನೂ ಇರಲಿಲ್ಲ. ಅಡುಗೆಯವರು ಓಡಿಹೋಗಿ ಮತ್ತೆ ಬೇಯಿಸಿ ಬಡಿಸಿದರು; ಆಕೆ ಇವರಿಗೆ ಒಳಿತಾಗಲೆಂದು ದುಆ ಮಾಡಿಯೇ ಉಂಡರು. ಆದರೆ ಆಕೆ ಬಗ್ಗಿದ್ದನ್ನು ಇವರು ನೋಡಿಯಾಗಿತ್ತು.

ಸ್ವಲ್ಪ ದಿನಕ್ಕೆ, ಕೆಲಸ ಬಿಟ್ಟು ಊರಿಗೆ ಹೊರಡುವುದಾಗಿ ತಿಳಿಸಿದರು. ನಾನು ಅವರನ್ನು ಯಂತ್ರದ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಿತವ್ಯಯದ ಮಹಿಮೆಯ ಮೇಲೆ ಪ್ರವಚನವನ್ನೇ ಮಾಡಿದೆ. ಕೊನೆಗೆ ಅವರ ಆಸೆಯನ್ನು ನೆನಪಿಸಿದೆ.

“ಚೆಲ್ಲುವುದು ಹರಾಮ್, ಒಪ್ಪಿದೆ ಮಾರಾಯ,” ಎಂದರು. “ಆದ್ರೆ ರಸೂಲರ ಊರಲ್ಲಿ, ಅವರ ಅತಿಥಿಗೆ ಖಾಲಿ ಪಾತ್ರೆ ತೋರಿಸಿದವ ನಾನು. ಇನ್ನು ಇಲ್ಲಿಯ ಮಣ್ಣಲ್ಲಿ ಜಾಗ ಕೇಳ್ಲಿಕ್ಕೆ ನನ್ಗೆ ಎಂತ ಮುಖ ಉಂಟು?”

ಪ್ರವಚನಕಾರರು ಯಂತ್ರದ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು.

ಅವರ ಬದಲಿಗೆ ಬಂದವನು ಅಳತೆ ಬಲ್ಲವನು. ತಳ ಕಂಡರೆ ಅವನಿಗೆ ಖುಷಿ.

ಊರಲ್ಲಿ ಮಳೆಗಾಲ ಹಿಡಿದಾಗ ಭಟ್ಕಳದಿಂದ ಹಿರಿಯ ಅಡುಗೆಯವರು ತೀರಿಕೊಂಡ ಸುದ್ದಿ ಬಂತು. ಕಬರಿನ ಗುಂಡಿಯಲ್ಲಿ ನೀರು ಜಿನುಗಿ, ಮೊಗೆದು ಮೊಗೆದು ಹಾಕಿ ಮಲಗಿಸಬೇಕಾಯಿತಂತೆ. ಆ ಸಂಜೆ ನಾನು ಮದೀನಾದ ಕಬರಸ್ತಾನದ ಗೋಡೆಯ ಹೊರಗೆ ಒಂದಷ್ಟು ಹೊತ್ತು ನಿಂತಿದ್ದೆ. ಒಳಗೆ ಮಣ್ಣು ಒಣಗಿತ್ತು, ಜಾಗವೂ ಇತ್ತು.