ಅಜ್ಜಿ ನಾಟಿ ಹಾಕಿದ ಕ್ಯಾರೆಟ್

ತುಮಕೂರಿನಲ್ಲಿ ಬಾಡಿಗೆ ಮನೆಗೂ ಹಿತ್ತಲು ಸಿಗುತ್ತಿದ್ದ ದಿನಗಳವು. ಅಮ್ಮ ಬಸುರಿ. ಬಾಯಿಗೆ ಏನೂ ಸೇರುತ್ತಿರಲಿಲ್ಲ. "ಆಗ ತಾನೇ ಕಿತ್ತ ಕ್ಯಾರೆಟ್ ಸಿಕ್ಕಿದ್ರೆ ಹಂಗೇ ಕಚ್ಕೊಂಡ್ ತಿಂತಿದ್ದೆ" ಎಂದು ಒಮ್ಮೆ ಅಂದದ್ದನ್ನು ನಾನು ಹಿಡಿದುಕೊಂಡೆ. ಅಮ್ಮ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಅದು ಆ ವಯಸ್ಸಿಗೇ ನನಗೆ ಗೊತ್ತಿತ್ತು.

ಕುಣಿಗಲ್‌ನಿಂದ ಬಂದ ಸೋದರಮಾವ ಬೀಜದ ಪೊಟ್ಟಣ ಕೊಟ್ಟ. "ಗಿಡ್ಡ ಜಾತಿ. ಕಲ್ಲುಸಕ್ಕರೆ ಥರ ಸಿಹಿ ಕಣೇ." ಮಣ್ಣಿನ ಕಲ್ಲು ಆರಿಸಿ, ಮರಳು ಬೆರೆಸಿ, ಸಾಲು ಎಳೆದು ಬಿತ್ತಿದೆ. ಸಬ್ಬಸಿಗೆಯಂಥ ಎಳೆ ಸೊಪ್ಪು ಮೇಲೆದ್ದ ಮೇಲೆ ಅದನ್ನೊಮ್ಮೆ ಮೂಸಿ ನೋಡಿಯೇ ಸ್ಕೂಲಿಗೆ ಹೋಗುತ್ತಿದ್ದೆ.

ಒಂದು ಸಂಜೆ ಬಂದು ನೋಡಿದರೆ ಸಾಲುಗಳೇ ಇಲ್ಲ. ಸೊಸೆಯನ್ನು ನೋಡಿಕೊಳ್ಳಲು ಚೇಳೂರಿನಿಂದ ಬಂದಿದ್ದ ಅಜ್ಜಿ ಎಲ್ಲವನ್ನೂ ಕಿತ್ತು, ಹಿತ್ತಲ ತುಂಬ ಗೇಣಿಗೊಂದರಂತೆ ಮತ್ತೆ ನೆಟ್ಟಿದ್ದಳು.

"ಒಟ್ಲಲ್ಲೇ, ಬಿತ್ತಿದ್ ಜಾಗದಲ್ಲೇ ಬುಟ್ರೆ ಪೈರು ಎಲ್ಲಿ ದಪ್ಪ ಆಗ್ತದೆ? ರಾಗಿ ಆದ್ರೂ ಅಷ್ಟೆ, ಮೆಣಸಿನಕಾಯಿ ಆದ್ರೂ ಅಷ್ಟೆ. ನಾಟಿ ಹಾಕ್ಬೇಕು ಕಣೇ."

ಅವಳ ಕೈಯಲ್ಲಿ ನೆಟ್ಟದ್ದು ಸತ್ತದ್ದಿಲ್ಲ. ಇವೂ ಸಾಯಲಿಲ್ಲ.

ಅಮ್ಮನಿಗೆ ದಿನ ತುಂಬುತ್ತಿದ್ದಾಗ ಮೊದಲ ಗಿಡ ಎಳೆದೆ. ಕೈಗೆ ಬಂದದ್ದಕ್ಕೆ ಎರಡು ತೊಡೆ, ಒಂದಕ್ಕೊಂದು ಹೆಣೆದುಕೊಂಡ ಕಾಲು. ಇನ್ನೊಂದು ಕಿತ್ತೆ: ಮೂರು ಕಾಲು. ಕಿತ್ತು ನೆಡುವಾಗ ಬೇರಿನ ತುದಿ ಮುರಿದರೆ ಕ್ಯಾರೆಟ್ ಕವಲೊಡೆಯುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

"ಅಯ್ಯೋ ಶಿವನೇ!" ಅಜ್ಜಿ ಎದೆ ಹಿಡಿದುಕೊಂಡಳು. "ಅವಳಿಜವಳಿ ಆಗ್ತವೆ ಅಂತ ಜೋಡಿ ಬಾಳೆಹಣ್ಣೇ ಬಸುರೀರಿಗೆ ಕೊಡಲ್ಲ. ಇದನ್ನ ತಿಂದ್ರೆ ಎಂಥದ್ದು ಹುಟ್ಟೀತು? ಬೀದಿ ಹಸುಗೆ ಹಾಕೋಗು!"

ಬಾಗಿಲಲ್ಲಿ ನಿಂತಿದ್ದ ಅಮ್ಮ ಮೆಲ್ಲಗೆ ಮೆಟ್ಟಿಲಿಳಿದು ಬಂದಳು. ಅತ್ತೆಯ ಮಾತಿಗೆ ಅದುವರೆಗೆ "ಹೂಂ" ಬಿಟ್ಟು ಬೇರೇನೂ ಅನ್ನದವಳು, ನನ್ನ ಕೈಯಿಂದ ಕ್ಯಾರೆಟ್ ಕಿತ್ತುಕೊಂಡು, ಸೆರಗಿಗೆ ಒರೆಸಿ, ಒಂದು ಕಾಲನ್ನು ಕಟಕ್ಕನೆ ಕಚ್ಚಿದಳು.

ಅಜ್ಜಿ ಅಮ್ಮನ ಕಡೆಗೆ ಧಾವಿಸಿದಳು.

"ಸುಧಾ, ಉಗಿಯೇ! ಉಗೀ ಅಂದೆ!"

"ಬಲು ಸಿಹಿ ಅತ್ತೆ," ಅಂದು ಅಮ್ಮ ಇನ್ನೊಂದು ಕಾಲನ್ನೂ ಬಾಯಿಗಿಟ್ಟಳು. "ನೀವೇ ನೆಟ್ಟಿದ್ದಲ್ವಾ?"

ಅಜ್ಜಿ ತಾನು ನೆಟ್ಟ ಗಿಡಗಳ ಕಡೆ ತಿರುಗಿ ನೋಡಿದಳು.

ತಮ್ಮ ಒಬ್ಬನೇ ಹುಟ್ಟಿದ. ಅಜ್ಜಿ ಬಟ್ಟೆ ಸರಿಸಿ ಮೊದಲು ಅವನ ಕಾಲು ನೋಡಿದಳು.

ಈಗ ಅಜ್ಜಿ ಇಲ್ಲ. ಆ ಹಿತ್ತಲಿಗೆ ಸಿಮೆಂಟು ಬಿದ್ದಿದೆ. ನಾನು ಮಹಡಿಯ ಮೇಲೆ ಕ್ರೇಟಿನಲ್ಲಿ ಕ್ಯಾರೆಟ್ ಬಿತ್ತಿ, ಹುಟ್ಟಿದಲ್ಲೇ ಬೆಳೆಯಲು ಬಿಡುತ್ತೇನೆ; ಗಿಡ್ಡವಾಗಿ, ನೇರವಾಗಿ, ಸಿಹಿಯಾಗಿ ಬರುತ್ತವೆ. ಅವನ್ನು ಕಂಡು ಗಾಬರಿಯಾಗಿ "ಉಗೀ" ಅನ್ನುವವರು ಮನೆಯಲ್ಲಿ ಯಾರೂ ಇಲ್ಲ. ಅಮ್ಮ ಯಾರನ್ನೂ ಕೇಳದೆ ಏನನ್ನಾದರೂ ತಿನ್ನಬಹುದು. ತೊಳೆದು ಕೈಗಿಟ್ಟರೆ ತುದಿಯನ್ನಷ್ಟೇ ಕಚ್ಚಿ, "ಸಾಕು ಕಣೇ, ನೀನು ತಿನ್ನು" ಅನ್ನುತ್ತಾಳೆ.